ಹಿಂದಿನ ಖಾನೆಯ ಪುಸ್ತಕ

ಬಸ್ಸು ಬೆಟ್ಟದಪುರ ಬಿಟ್ಟು, ಬೆಟ್ಟ ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತ ಬಂದಾಗ ಮಧುಶ್ರೀ ಎಂದಿನಂತೆ ಓದಲೆಂದು ಚೀಲಕ್ಕೆ ಕೈ ಹಾಕಿದಳು; ಕೈಗೆ ಸಿಕ್ಕಿದ್ದು ಊಟದ ಡಬ್ಬಿ. ತೊಡೆಯ ಮೇಲಿದ್ದದ್ದು ಕಾಲೇಜಿನ ಚೀಲವಲ್ಲ, ಬಟ್ಟೆ ಅಂಗಡಿಯವರು ಸೀರೆಯ ಜೊತೆ ಕೊಟ್ಟ ಕೈಚೀಲ. ಕಾಲೇಜಿನ ಚೀಲದ ಜಿಪ್ಪು ಹಲ್ಲು ಕಿರಿದು ವಾರವಾಗಿತ್ತು. ನಿನ್ನೆ ಸಂಜೆ ಅದನ್ನು ಪ್ರಮೀಳಕ್ಕನ ಹೊಲಿಗೆ ಅಂಗಡಿಗೆ ಕೊಟ್ಟು ಬಂದಿದ್ದಳು. ಕೊಡುವ ಮೊದಲು ನೋಟ್ಸು, ಛತ್ರಿ, ಬಾಚಣಿಗೆ, ಯಾವಾಗಲೋ ಬಿದ್ದ ಕಡ್ಲೆಕಾಯಿ ಸಿಪ್ಪೆಯನ್ನೂ ಬಿಡದೆ ತೆಗೆದು ಒದರಿದ್ದಳು. ಹಿಂದಿನ ಖಾನೆಗೆ ಮಾತ್ರ ಕೈ ಹಾಕಿರಲಿಲ್ಲ. ಸದಾ ಬೆನ್ನಿಗೆ ಅಂಟಿಕೊಂಡಿರುವ ಆ ಖಾನೆಯಲ್ಲಿ ಒಂದು ವರ್ಷದಿಂದ ನೀಲಿ ರಟ್ಟಿನ ಕಾದಂಬರಿಯೊಂದು ಮಲಗಿತ್ತು. ಈ ಲೋಕದಲ್ಲಿ ಆ ಕಾದಂಬರಿಯನ್ನು ಓದಬಾರದವರು ಯಾರಾದರೂ ಇದ್ದರೆ ಅದು ಪ್ರಮೀಳಕ್ಕ ಒಬ್ಬಳೇ. ಅವಳ ಕೈಗೇ ಅದನ್ನು ಒಪ್ಪಿಸಿ, "ಗಟ್ಟಿಯಾಗಿ ಒಲ್ದಾಕಕ್ಕ" ಎಂದು ಹೇಳಿ, ನೆಮ್ಮದಿಯಾಗಿ ಮನೆಗೆ ಬಂದು ಮುದ್ದೆ ಉಂಡು ಮಲಗಿದ್ದಳು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮಡಿಲಲ್ಲಿ ಕೋಳಿ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಕೋಳಿ ಮಾತ್ರ ಎಚ್ಚರವಾಗಿದ್ದು ಮಧುಶ್ರೀಯನ್ನೇ ನೋಡುತ್ತಿತ್ತು. ಫೋನು ಮಾಡಿದರೆ? ಏನೆಂದು ಹೇಳುವುದು? ಹಿಂದಿನ ಖಾನೆ ಮುಟ್ಟಬೇಡ ಎಂದರೆ ಕುಂಬಳಕಾಯಿ ಕಳ್ಳ ತಾನೇ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಹಾಗಂತ ಸುಮ್ಮನಿರಲೂ ಆಗಲಿಲ್ಲ. ಫೋನು ಹಚ್ಚಿ, ಆದಷ್ಟು ಸಸಾರವಾದ ದನಿಯಲ್ಲಿ, "ಅಕ್ಕಾ, ಚೀಲ ಅರ್ಜೆಂಟಿಲ್ಲ ಕಣಕ್ಕ. ನೀನು ಇವತ್ತೇ ಮುಟ್ಬೇಕು ಅಂತೇನಿಲ್ಲ" ಎಂದಳು. ಆ ಕಡೆಯಿಂದ ಹೊಲಿಗೆ ಯಂತ್ರದ ಟರಟರ ಸದ್ದು ನಿಂತು, "ಆಗ್ಲೇ ಬಿಚ್ಚಾಕಿವ್ನಿ ಕಣೆ. ಇನ್ನೇನಾರ ಮಾಡ್ಬೇಕಾ ಅದ್ಕೆ?" ಎಂದಳು ಪ್ರಮೀಳಕ್ಕ. "ಏನಿಲ್ಲ, ಏನೇನೂ ಇಲ್ಲ," ಎಂದು ಮಧುಶ್ರೀ ಎರಡು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ಸಾಕಿತ್ತು.

ಅವಳು ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ, ಈ ವರ್ಷದ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿ ಸಂಪಾದಕಿ. ಓದುವ ಹುಡುಗಿ ಎಂಬ ಹೆಸರು ಅವಳಿಗೆ ಕೇಳದೆ ಬಂದದ್ದು, ಬಂದ ಮೇಲೆ ಬಿಡಲು ಮನಸ್ಸಾಗದೆ ಉಳಿದದ್ದು. ಆದರೆ ಅವಳು ಓದುವ ರೀತಿ ಯಾರಾದರೂ ಕಂಡಿದ್ದರೆ ಆ ಹೆಸರನ್ನು ವಾಪಸು ಕೇಳುತ್ತಿದ್ದರು. ಪುಸ್ತಕ ಕೈಗೆ ಬಂದೊಡನೆ ಮೊದಲು ಕೊನೆಯ ಪುಟ. ಯಾರು ಸತ್ತರು, ಯಾರು ಉಳಿದರು ಎಂದು ತಿಳಿದುಕೊಂಡ ಮೇಲೆ ಮೊದಲ ಪುಟ. ಸತ್ತವರ ಜೊತೆ ಹೆಚ್ಚು ಸಲಿಗೆ ಬೆಳೆಸಬಾರದು ಎಂಬ ಎಚ್ಚರ. ನಿಸರ್ಗ ವರ್ಣನೆ ಬಂದರೆ ಹಾರಿಸುವುದು. ಅಡುಗೆಯ ವರ್ಣನೆ ಬಂದರೆ ಎರಡು ಸಲ ಓದುವುದು. ಎಲ್ಲಿಯವರೆಗೆ ಓದಿದೆ ಎಂದು ಗುರುತಿಗೆ ಬಸ್ಸಿನ ಸೊನ್ನೆ ಟಿಕೇಟು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ಪುಸ್ತಕಗಳಲ್ಲಿ ಈ ಟಿಕೇಟುಗಳು ಹೆಚ್ಚಾಗಿ, ಈಗ ಯಾವ ಟಿಕೇಟು ಯಾವ ಗುರುತು ಎಂಬುದೇ ತಿಳಿಯದಂತಾಗಿತ್ತು. ಕಥೆಯಲ್ಲಿ ಯಾರಿಗಾದರೂ ಅವಮಾನವಾಗುವ ಸಂದರ್ಭ ಬಂದರೆ ಪುಸ್ತಕ ಮುಚ್ಚಿ ಕಿಟಕಿಯಾಚೆ ನೋಡುತ್ತಿದ್ದಳು, ಆ ಪಾತ್ರ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು. ಈಗ ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಗಳು ಓಡುತ್ತಿದ್ದವು, ನಡುನಡುವೆ ಸೊಪ್ಪು ಬೇಯಿಸುವ ಬ್ಯಾರನ್ನುಗಳು, ಎತ್ತರದ, ಕಿಟಕಿಯಿಲ್ಲದ ಕೋಣೆಗಳು. ಸುಧಾರಿಸಿಕೊಳ್ಳಬೇಕಾದವಳು ಈ ಸಲ ಅವಳೇ.

ಬ್ಯಾರನ್ನಿನ ನೆರಳಲ್ಲೇ ಎಲ್ಲ ಶುರುವಾದದ್ದು. ಸೊಪ್ಪು ಮುರಿಯುವ ಕಾಲ ಬಂದರೆ ಊರಿನ ಹೆಂಗಸರು ಮುಯ್ಯಾಳು ಮಾಡಿಕೊಳ್ಳುತ್ತಾರೆ: ಇಂದು ನಮ್ಮ ಬ್ಯಾರನ್ನಿಗೆ ನೀವು, ನಾಳೆ ನಿಮ್ಮ ಬ್ಯಾರನ್ನಿಗೆ ನಾವು. ಸಾಲಾಗಿ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸ. ಮಧುಶ್ರೀಗೆ ಅದು ಆಗಿ ಬರಲಿಲ್ಲ. ಹಸಿ ಸೊಪ್ಪಿನ ಅಂಟು ಕೈಗೆ ತಾಗಿದರೆ ಸಾಕು, ತಲೆ ಗಿರ್ರೆಂದು ತಿರುಗಿ ಬೆಳಗಿನ ತಿಂಡಿಯೆಲ್ಲ ಹೊರಕ್ಕೆ. ಮೂರು ಸಲ ಹಾಗಾದ ಮೇಲೆ ಮಲ್ಲಾಜಮ್ಮ, ಇವರ ಮನೆಗೆ ಮುಯ್ಯಿಗೆ ಬರುತ್ತಿದ್ದ ಹಿರಿಯಳು, ಎಲ್ಲರ ಮುಂದೆ, "ಈ ಮಗ ಒಂದಾಳಲ್ಲ ಕಣವ್ವ, ಅರ್ದಾಳೂ ಅಲ್ಲ. ಮುಯ್ಯಿಗೆ ಲೆಕ್ಕಿಲ್ಲ" ಎಂದುಬಿಟ್ಟಳು. ಹೆಂಗಸರು ನಕ್ಕರು. ಮಧುಶ್ರೀಯ ಕಿವಿ ಕಾದವು. ಆಗ ಅಜ್ಜಿ ದೊಡ್ಡತಾಯಮ್ಮ ಮೊಮ್ಮಗಳ ಮಾನ ಕಾಯುವ ಹುಮ್ಮಸ್ಸಿನಲ್ಲಿ, "ಅವ್ಳು ಓದ್ತಾಳೆ. ಓದಿ ಯೋಳ್ಲಿ. ಬಾಯ್ ಕೆಲ್ಸಾನೂ ಕೆಲ್ಸಾನೆಯಾ" ಎಂದಳು. ಒಂದು ದಿನ ನೋಡೋಣ ಎಂದರು. ಮರುದಿನ ಇವಳು ಊರಿನ ಗ್ರಂಥಾಲಯದಿಂದ ಕೈಗೆ ಸಿಕ್ಕ ಪುಸ್ತಕ ತಂದಳು. ನೀಲಿ ರಟ್ಟು, ಹೆಸರಿನ ಪುಟ ಯಾವ ಕಾಲಕ್ಕೋ ಹರಿದು ಹೋಗಿತ್ತು, ಬರೆದವರು ಯಾರೋ ಶಿವನಿಗೇ ಗೊತ್ತು. ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಓದಿದಳು. ಆವತ್ತು ಕಡ್ಡಿಗಳು ಎಂದಿಗಿಂತ ಬೇಗ ತುಂಬಿದವು. ಅಲ್ಲಿಂದಾಚೆಗೆ ಮಧುಶ್ರೀ ಪೂರಾ ಒಂದಾಳು. ಹೇಳಬೇಕೆಂದರೆ ಸಂಪಾದಕಿ ಎಂದು ನೋಟೀಸು ಬೋರ್ಡಿನಲ್ಲಿ ಹೆಸರು ಹಾಕಿದಾಗಲೂ ಅವಳಿಗೆ ಅಷ್ಟು ಹೆಮ್ಮೆಯಾಗಲಿಲ್ಲ.

ಕಾದಂಬರಿ ಕಮಲಾಕ್ಷಿ ಎಂಬವಳದು. ಗಂಡನ ಮನೆ ಬಿಟ್ಟು ತವರಿಗೆ ಬಂದವಳು. ಹೆಂಗಸರು ಅವಳನ್ನು ಕಮ್ಲಾಕ್ಸಿ ಎಂದು ಕರೆದು, ಪಕ್ಕದ ಬೀದಿಯವಳೆಂಬಂತೆ ಬೈದು, ಮರುಗಿ, ಸೀರೆಯ ಬಣ್ಣದ ವಿಷಯಕ್ಕೆ ಜಗಳವಾಡಿದರು. ಬಾಯಿ ಬಿಡದೆ ಕೇಳುತ್ತಿದ್ದವಳು ಪ್ರಮೀಳಕ್ಕ. ಅವಳೂ ಕೆ.ಆರ್. ನಗರದ ಕಡೆಯ ಗಂಡನ ಮನೆಯಿಂದ ಬಂದು ಅಮ್ಮನ ಮನೆಯಲ್ಲಿ ಕೂತವಳು. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೆ. ತಿಂಗಳುಗಟ್ಟಲೆ. ಊಟಕ್ಕೆ ಬಾ ಎಂದರೆ ಬರುವುದು, ತಟ್ಟೆ ನೋಡುವುದು, ಏಳುವುದು. ಮನೆಯ ಕಂಬಕ್ಕೂ ಹೆಂಡತಿಗೂ ವ್ಯತ್ಯಾಸ ತೋರಿಸದೆ ಬದುಕುವುದು. "ಒಡೀನಿಲ್ಲ ಬಡೀನಿಲ್ಲ, ಇನ್ನೇನ್ ಬೇಕಿತ್ತಂತೆ ಇವ್ಳಿಗೆ" ಎಂದು ಊರು ಕೇಳುತ್ತಿತ್ತು. ಪ್ರಮೀಳಕ್ಕನಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ, ಗೊತ್ತಿದ್ದರೂ ಊರು ಕೇಳುವ ಧಾಟಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಮರುದಿನ ಗಂಡನ ಕಡೆಯವರು ಹಿರಿಯರನ್ನು ಕರೆದುಕೊಂಡು ಬರುತ್ತಾರೆ ಎಂಬ ದಿನವೇ ಕಾದಂಬರಿ ಕೊನೆಗೆ ಬಂತು. ಕೊನೆಯ ಪುಟ ಮಧುಶ್ರೀಗೆ ಮೊದಲೇ ಗೊತ್ತಿತ್ತಲ್ಲ: ಕಮಲಾಕ್ಷಿ ಹಿಂದಿರುಗುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲು ದಾಟುತ್ತಾಳೆ, ಗಂಡ "ಬಂದೆಯಾ" ಎನ್ನುತ್ತಾನೆ, ಕಾದಂಬರಿ ಮುಗಿಯುತ್ತದೆ. ಓದಲು ಬಾಯಿ ತೆರೆದವಳ ಕಣ್ಣಿಗೆ ಪ್ರಮೀಳಕ್ಕನ ಬೆರಳು ಕಂಡವು. ಎಲೆ ಹಿಡಿದಿದ್ದವು, ಕಟ್ಟುತ್ತಿರಲಿಲ್ಲ, ಕಾಯುತ್ತಿದ್ದವು. ಮಧುಶ್ರೀ ಹೆಬ್ಬೆರಳಲ್ಲಿ ಪುಟ ಒತ್ತಿಕೊಂಡು, ಕಣ್ಣು ಅಕ್ಷರದ ಮೇಲೇ ಇಟ್ಟು, ಅಲ್ಲಿಲ್ಲದ್ದನ್ನು ಓದಿದಳು. ಕಮಲಾಕ್ಷಿ ಹಿರಿಯರ ಮುಂದೆ ಎದ್ದು ನಿಂತಳು. "ನಾನು ಬರುವುದಿಲ್ಲ. ನನ್ನ ಕೈಗೆ ಕೆಲಸವಿದೆ" ಎಂದಳು. ಬುಟ್ಟಿ ಹೆಣೆಯುವುದನ್ನು ಕಲಿತಳು, ಬಸ್ ಸ್ಟಾಂಡಿನಲ್ಲಿ ಅಂಗಡಿ ಇಟ್ಟಳು, ಅಂಗಡಿಗೆ ಹಸಿರು ಬಣ್ಣ ಹೊಡೆಸಿದಳು. ಬಣ್ಣ ಹೊಡೆದವನು ಅರ್ಧಕ್ಕೇ ಕೈಕೊಟ್ಟು ಹೋದದ್ದರಿಂದ ಉಳಿದರ್ಧ ತಾನೇ ಹೊಡೆದಳು. ಸುಳ್ಳು ಹೇಳುವುದಕ್ಕೆ ಕೂತರೆ ಮಧುಶ್ರೀಗೆ ವಿವರಗಳು ತಾವಾಗಿ ಒದಗುತ್ತಿದ್ದವು.

ಮರುದಿನ ಪ್ರಮೀಳಕ್ಕನ ಮನೆಯ ಬಾಗಿಲ ಮರೆಯಲ್ಲಿ ನಿಂತು ಇವಳು ಕೇಳಿದ್ದಳು. ಹಿರಿಯರು ಕೆಮ್ಮಿ, ಮಳೆ ಬೆಳೆ ಮಾತಾಡಿ, ಕೊನೆಗೆ "ಏನವ್ವಾ, ಒರಡ್ತೀಯಾ?" ಎಂದಾಗ ಒಳಗಿನಿಂದ ಪ್ರಮೀಳಕ್ಕನ ದನಿ ಬಂತು: "ನಾ ಬರಕ್ಕಿಲ್ಲ. ನನ್ ಕೈಗೆ ಕೆಲ್ಸ ಅದೆ." ಯಾವ ಕೆಲಸವೂ ಆಗ ಅವಳ ಕೈಗೆ ಇರಲಿಲ್ಲ. ಹೊಲಿಗೆ ಕಲಿತದ್ದು, ಅಂಗಡಿ ಹಾಕಿದ್ದು ಎಲ್ಲ ಆಮೇಲೆ. ಅಂಗಡಿಗೆ ಹಸಿರು ಬಣ್ಣವನ್ನೇ ಹೊಡೆಸಿದ್ದಳು ಕೂಡ. ಊರಿಗೆ ಊರೇ ಪ್ರಮೀಳಾ ಗಟ್ಟಿಗಿತ್ತಿ ಎಂದು ಹೊಗಳುವಾಗ ಮಧುಶ್ರೀ ನೆಲ ನೋಡುತ್ತಿದ್ದಳು. ಅವಳನ್ನು ಕಾಡುತ್ತಿದ್ದದ್ದು ಆ ಗಂಡ. ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ, ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ. ತೋಳಿನ ಮೇಲೆ ಎರಡು ಗೆರೆ ಬಿದ್ದಿದ್ದವು. ಅಭ್ಯಾಸವಿಲ್ಲದ ಕೈ ಹಾಕಿದ ಇಸ್ತ್ರಿ. ಯಾರಿಗೆ ಗೊತ್ತು, ಆವತ್ತು ಅವನು "ಬಂದೆಯಾ" ಎನ್ನಲು ಸಿದ್ಧನಾಗಿಯೇ ಬಂದಿದ್ದನೋ ಏನೋ. ಆ ಎರಡು ಗೆರೆಗಳನ್ನು ನೆನೆದರೆ ತಾನು ಒಂದು ಸಂಸಾರವನ್ನು ಕಲ್ಲಿನ ಮೇಲೆ ಕೂತು, ಬಾಯಿಗೆ ಬಂದದ್ದನ್ನು ಓದಿ, ಮುರಿದುಹಾಕಿದೆ ಎಂದು ಅವಳಿಗೆ ಅನಿಸುತ್ತಿತ್ತು. ಆಮೇಲೊಂದು ದಿನ ಪ್ರಮೀಳಕ್ಕ, "ಆ ಬುಕ್ಕ ನಂಗೊಂದ್ಸಲ ಕೊಡೆ, ನಾನೇ ಓದ್ಬೇಕು" ಎಂದಾಗ ಮಧುಶ್ರೀ ವಾಪಸು ಕೊಟ್ಟೆ ಎಂದಳು. ಗ್ರಂಥಾಲಯದವರು ಕೇಳಿದಾಗ ಹುಡುಕುತ್ತಿದ್ದೇನೆ ಎಂದಳು. ಮನೆಯಲ್ಲಿಟ್ಟರೆ ಅಜ್ಜಿ ಎತ್ತಿ ಪ್ರಮೀಳಕ್ಕನಿಗೇ ಕೊಟ್ಟುಬಿಡುವ ಉಪಕಾರಿ. ಹಾಗಾಗಿ ಪುಸ್ತಕ ಚೀಲದ ಹಿಂದಿನ ಖಾನೆ ಸೇರಿತ್ತು.

"ಏನಮ್ಮಾ ಸಂಪಾದಕಿ, ಪುಟ ಎಲ್ಲಿ?" ಕನ್ನಡ ವಿಭಾಗದ ಬಾಗಿಲಲ್ಲೇ ಶಿವಶಂಕರ ಸರ್ ಹಿಡಿದರು. ಬಸ್ಸಿಳಿದದ್ದು, ಸಂತೆಯ ಗದ್ದಲ ದಾಟಿ ನಡೆದದ್ದು ಯಾವುದೂ ಅವಳಿಗೆ ನೆನಪಿರಲಿಲ್ಲ. ಸಂಚಿಕೆಯೆಲ್ಲ ಅಚ್ಚಿಗೆ ಹೋಗಿ ಆಗಿತ್ತು, ಉಳಿದದ್ದು 'ಸಂಪಾದಕಿಯ ಓದು' ಎಂಬ ಒಂದೇ ಪುಟ, ಮೆಚ್ಚಿನ ಐದು ಪುಸ್ತಕಗಳ ಬಗ್ಗೆ. ಮಧ್ಯಾಹ್ನದೊಳಗೆ ಮುದ್ರಣದವರಿಗೆ ಕೊಡಬೇಕು. "ಹಳಗನ್ನಡ ಒಂದಿರಲಿ. ಅನುವಾದ ಒಂದಿರಲಿ. ವಿಮರ್ಶೆ ಒಂದಿದ್ದರೆ ತೂಕ ಬರುತ್ತೆ" ಎಂದರು ಸರ್. ಮದುವೆ ಊಟಕ್ಕೆ ಪಲ್ಯ ಎರಡಿರಲಿ, ಕೋಸಂಬರಿ ಒಂದಿರಲಿ ಎನ್ನುವ ಧಾಟಿ. ಮಧುಶ್ರೀ ಲೈಬ್ರರಿಯ ಮೂಲೆಯಲ್ಲಿ ಕೂತಳು. ಎದುರಿಗೆ ಸಹಸಂಪಾದಕ ಶಶಿಕುಮಾರ್. ಹಂಪಾಪುರದ ಕಡೆಯವನು, ಕವಿ. ಸಂಚಿಕೆಯಲ್ಲಿ ತನ್ನವೇ ಆರು ಕವನಗಳನ್ನು ತಾನೇ ಆರಿಸಿದ್ದ.

"ಬರ್ದಾಕು ಮಾರಾಯ್ತಿ, ಯಾರ್ ಪರೀಕ್ಸೆ ಮಾಡ್ತಾರೆ?" ಎಂದ ಅವನು. "ನಾನು ಓದ ವರ್ಸ ಐದು ಬರೆದಿದ್ದೆ. ಅದ್ರಲ್ಲಿ ಮೂರು ಬೆನ್ನ್ ಮಾತ್ರ ನೋಡಿವ್ನಿ, ಕಪಾಟಿನಲ್ಲಿ."

"ಇನ್ನೆರಡು?"

"ಅವೆರಡ್ನ ಸರ್ ಕ್ಲಾಸಲ್ಲಿ ಬಯ್ದಿದ್ರಲ್ಲ, ಅದ್ಕೆ ಚೆನ್ನಾಗಿರ್ತವೆ ಅಂತ ಬರ್ದೆ."

ಅವಳು ನಕ್ಕಳು, ನಗು ಅರ್ಧಕ್ಕೆ ನಿಂತಿತು. ಈ ಹೊತ್ತಿಗೆ ಪ್ರಮೀಳಕ್ಕ ಹಿಂದಿನ ಖಾನೆಯ ಹೊಲಿಗೆಗೆ ಬಂದಿರುತ್ತಾಳೆ. ಏಳನೇ ಕ್ಲಾಸು ಓದಿದವಳು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನ ಓದುತ್ತಾಳೆ, ಆದರೆ ಬಿಡದೆ ಓದುತ್ತಾಳೆ. ಗಿರಾಕಿಗಳಿಲ್ಲದ ಹೊತ್ತು. ಮೊದಲ ಪುಟದಿಂದ ಶುರು ಮಾಡಿದರೆ ಸಂಜೆಯೊಳಗೆ ಕೊನೆ ಮುಟ್ಟುವುದಿಲ್ಲ, ಬದುಕಿದೆ. ಕೊನೆಯಿಂದ ಶುರು ಮಾಡಿದರೆ? ಕೊನೆಯಿಂದ ಓದುವ ದುರಭ್ಯಾಸ ತನ್ನೊಬ್ಬಳಿಗೇ ಇರಲಪ್ಪಾ ದೇವರೇ ಎಂದುಕೊಂಡಳು. ಕಾಗದದ ಮೇಲೆ ಐದು ಘನವಾದ ಹೆಸರು ಬರೆದಳು. ನೋಡಿದಳು. ಅವುಗಳಲ್ಲಿ ಎರಡನ್ನು ನಿಜಕ್ಕೂ ಓದಿದ್ದಳು, ಗೌರವವೂ ಇತ್ತು. ಅಧ್ಯಕ್ಷರ ಪಕ್ಕ ವೇದಿಕೆಯ ಮೇಲೆ ಕೂತಾಗ ಇರುವಂಥ ಗೌರವ, ಬೆನ್ನು ನೇರ ಮಾಡಿಕೊಂಡೇ ಇರಬೇಕು. ಮೆಚ್ಚಿನದು ಎಂದರೆ ಕಣ್ಣ ಮುಂದೆ ಬರುತ್ತಿದ್ದದ್ದು ಹೆಸರಿಲ್ಲದ ಆ ನೀಲಿ ರಟ್ಟು, ಸೊಪ್ಪಿನ ಅಂಟು ಹತ್ತಿ ಅಂಚು ಕಪ್ಪಾದ ಹಾಳೆಗಳು, ಕಡ್ಡಿ ಬದಿಗಿಟ್ಟು ಬಾಯಿ ತೆರೆದು ಕೇಳುತ್ತಿದ್ದ ಮಲ್ಲಾಜಮ್ಮ. ತಾನು ಒಂದಾಳು ಆದದ್ದು ಆ ಪುಸ್ತಕದಿಂದ. ಅದನ್ನೇ ಅಲ್ಲವೆ ಕಳ್ಳಮಾಲಿನಂತೆ ಬೆನ್ನಿಗೆ ಕಟ್ಟಿಕೊಂಡು ತಿರುಗುತ್ತಿರುವುದು. ಅವಳಿಗೆ ತಟಕ್ಕನೆ ಅಳು ಬಂದಂತಾಯಿತು, ಶಶಿಕುಮಾರ್ ಎದುರಿಗಿದ್ದನೆಂದು ಸೀನಿದ ಹಾಗೆ ನಟಿಸಿದಳು. "ಲೈಬ್ರರಿ ದೂಳು" ಎಂದ ಅವನು, ಜಾಣನಂತೆ.

ಐದೂ ಹೆಸರು ಹೊಡೆದು ಹಾಕಿ ಅವಳು ಬರೆದಳು: 'ಒಂದು ನೀಲಿ ರಟ್ಟಿನ ಕಾದಂಬರಿ. ಹೆಸರು ಗೊತ್ತಿಲ್ಲ. ಬರೆದವರು ಗೊತ್ತಿಲ್ಲ. ಇದನ್ನು ನಾನು ಬ್ಯಾರನ್ನಿನ ನೆರಳಲ್ಲಿ ಗಟ್ಟಿಯಾಗಿ ಓದಿದೆ. ಇದರ ಕೊನೆ ನನಗೆ ಇಷ್ಟವಾಗಲಿಲ್ಲ. ನನ್ನ ಮೆಚ್ಚಿನ ಪುಸ್ತಕ ಇದೊಂದೇ.' ಓದಿದ ಶಿವಶಂಕರ ಸರ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಪುಟದಲ್ಲಿ ಉಳಿದ ಖಾಲಿ ಜಾಗ ಅವರಿಗೆ ಹೆಚ್ಚು ನೋವು ಕೊಟ್ಟಂತಿತ್ತು.

"ಕೊನೆ ಇಷ್ಟವಾಗಲಿಲ್ಲ ಅಂತೀಯ. ಮತ್ತೆ ಮೆಚ್ಚಿನದು ಹೇಗಾಗುತ್ತೆ?"

"ಗೊತ್ತಿಲ್ಲ ಸರ್."

"ಸಂಪಾದಕಿ ಆಗಿ ಗೊತ್ತಿಲ್ಲ ಅಂದ್ರೆ?" ಎಂದರು. ಆದರೂ ಹೊತ್ತಾಗಿತ್ತು, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಹೋಗುವಾಗ ತಿರುಗಿ, "ಖಾಲಿ ಜಾಗಕ್ಕೆ ಶಶಿಕುಮಾರನ ಏಳನೇ ಕವನ ಹಾಕ್ತೀನಿ" ಎಂದು ಬೇರೆ ಹೆದರಿಸಿದರು.

ಸಂಜೆಯ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟೇ ಸಿಕ್ಕಿತು. ಬೇರೆ ದಿನವಾಗಿದ್ದರೆ ಹಬ್ಬ. ಇವತ್ತು ಓದಲು ಏನೂ ಇಲ್ಲದೆ, ಹಾದುಹೋಗುವ ಗೋಡೆಗಳ ಮೇಲಿನ ಗೊಬ್ಬರದ ಜಾಹೀರಾತುಗಳನ್ನೆಲ್ಲ ಓದಿದಳು, ಸಿಮೆಂಟಿನದನ್ನೂ ಓದಿದಳು. ಏನು ಹೇಳಬೇಕೆಂದು ವಾಕ್ಯಗಳನ್ನು ಜೋಡಿಸಿಕೊಂಡಳು. ಎಲ್ಲವೂ ಪುಸ್ತಕದ ವಾಕ್ಯಗಳಂತೆ ಕೇಳಿದವು. ಪ್ರಮೀಳಕ್ಕ ಅತ್ತರೆ? ಬೈದರೆ ಪರವಾಗಿಲ್ಲ, ಬೈಗುಳಕ್ಕೆ ತಲೆ ಬಗ್ಗಿಸಬಹುದು. 'ನಿನ್ನ ಮಾತ ನಂಬ್ಕಂಡು ಕೆಟ್ಟೆ' ಎಂದು ಮೆಲ್ಲಗೆ ಹೇಳಿಬಿಟ್ಟರೆ ಮುಂದೆ ಯಾವ ಮುಖದಲ್ಲಿ ಯಾವ ಪುಸ್ತಕ ತೆರೆಯುವುದು? ಬೆಟ್ಟ ಮತ್ತೆ ದೊಡ್ಡದಾಗುತ್ತ ಬಂತು. ಇಳಿದವಳ ಕಾಲು ನೇರವಾಗಿ ಮನೆಯ ದಾರಿ ಹಿಡಿದಿದ್ದವು. ಅವನ್ನು ಬಲವಂತವಾಗಿ ಹಸಿರು ಅಂಗಡಿಯ ಕಡೆಗೆ ತಿರುಗಿಸಬೇಕಾಯಿತು.

ಚೀಲ ಮೊಳೆಗೆ ನೇತಾಡುತ್ತಿತ್ತು, ಹೊಸ ಜಿಪ್ಪು ಫಳಫಳ. ಯಂತ್ರದ ಪಕ್ಕ, ಕತ್ತರಿಸಿದ ರವಿಕೆ ಬಟ್ಟೆಗಳ ನಡುವೆ, ನೀಲಿ ರಟ್ಟಿನ ಪುಸ್ತಕ. ಗಾಳಿಗೆ ಹಾಳೆ ಹಾರದಿರಲೆಂದು ಅದರ ಮೇಲೆ ಕತ್ತರಿ ಇಟ್ಟಿತ್ತು. ಅಂಗಡಿಯೊಳಗೆ ಮಲ್ಲಾಜಮ್ಮ ಬೇರೆ ಇದ್ದಳು, ತೋಳು ಬಿಗಿಯಾದ ರವಿಕೆಯೊಂದನ್ನು ಹಿಡಿದುಕೊಂಡು, ತಪ್ಪು ರವಿಕೆಯದೋ ತೋಳಿನದೋ ಎಂದು ವಾದ ಮಾಡುತ್ತಿದ್ದಳು. ಪ್ರಮೀಳಕ್ಕ, "ಕೂತ್ಕೊ ಕಣೆ" ಎಂದು ಸ್ಟೂಲು ತೋರಿಸಿ, ಅವಸರವಿಲ್ಲದೆ ತೋಳಿನ ಹೊಲಿಗೆ ಬಿಚ್ಚಿ, ಸಡಿಲಿಸಿ, ಮತ್ತೆ ಹೊಲಿದುಕೊಟ್ಟಳು. ಆ ಸ್ಟೂಲಿನ ಮೇಲೆ ಮಧುಶ್ರೀ ಎಷ್ಟು ಹೊತ್ತು ಕೂತಿದ್ದಳೋ. ಮಲ್ಲಾಜಮ್ಮ ಹೊರಡುವಾಗ ಅವಳ ತಲೆ ಸವರಿ, "ಈ ಸಲ ಇನ್ನೂ ದಪ್ಪದ್ ಬುಕ್ ತತ್ತಾ ಮಗ, ಸೊಪ್ಪು ಜಾಸ್ತಿ ಅದೆ" ಎಂದು ಹೇಳಿ ಹೋದಳು.

"ಇಂದಿನ್ ಖಾನೇಲಿತ್ತು," ಎಂದಳು ಪ್ರಮೀಳಕ್ಕ, ಪುಸ್ತಕದ ಕಡೆ ನೋಡದೆ, ದಾರ ಪೋಣಿಸುತ್ತ. "ಕಡೇ ಎಲ್ಡ್ ಆಳೆ ಓದ್ದೆ. ಮಿಕ್ಕಿದ್ದು ನೀ ಓದಿದ್ಯಲ್ಲ."

"ಅಕ್ಕಾ, ನಾನು ಆವತ್ತು..." ಬಸ್ಸಿನಲ್ಲಿ ಜೋಡಿಸಿದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ನಾನು ಸುಳ್ಳು ಓದ್ದೆ ಕಣಕ್ಕ. ನನ್ನಿಂದ ನೀನು..."

"ನಿನ್ನಿಂದೇನು?" ಪ್ರಮೀಳಕ್ಕ ತಲೆಯೆತ್ತಿದಳು. ಕಣ್ಣಿನಲ್ಲಿ ಅಳು ಇರಲಿಲ್ಲ. ಗಿರಾಕಿ ಕೊಟ್ಟ ಅಳತೆ ತಪ್ಪೆಂದು ಮೊದಲೇ ಗೊತ್ತಿದ್ದು ಹೊಲಿದವಳ ನಗು ಇತ್ತು. "ಸುಳ್ಳು ಅಂತ ಆವತ್ತೇ ಗೊತ್ತಿತ್ತು ಬುಡು. ಅಷ್ಟ್ ಕತೆ ಯೋಳ್ದೆ, ಇರಿಯರು ಬಂದ್ರು, ಬುಟ್ಟಿ ಎಣದ್ಲು, ಅಂಗ್ಡಿ ಇಟ್ಲು, ಬಣ್ಣ ಒಡುದ್ಲು. ಒಂದ್ ಆಳೇನಾರ ಮಗುಚಿದ್ಯಾ ನೀನು? ಯಾವ್ ಬುಕ್ಕಲ್ಲಿ ಒಂದ್ ಆಳೇಲಿ ಅಷ್ಟೊಂದ್ ಇರ್ತದೆ?"

ಮಧುಶ್ರೀ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಅದು ಆವತ್ತಿನ ಹಾಗೆಯೇ ಏನನ್ನೋ ಒತ್ತಿ ಹಿಡಿದಿತ್ತು, ಸ್ಟೂಲಿನ ಅಂಚನ್ನು. ಹಾಗಾದರೆ ಹಿರಿಯರ ಮುಂದೆ ಒಳಗಿನಿಂದ ಬಂದ ಆ ಮಾತು, ಅದು ಪುಸ್ತಕದ್ದಲ್ಲ ಎಂದು ತಿಳಿದೇ ಆಡಿದ್ದು. ಇಡೀ ಒಂದು ವರ್ಷ ತಾನು ಬೆನ್ನಿಗೆ ಹೊತ್ತು ತಿರುಗಿದ ಭಾರ ಬರೀ ಕಾಗದದ್ದು. ಹಗುರವಾಗಬೇಕಿತ್ತು, ಹಗುರವಾಯಿತು ಕೂಡ, ಸ್ವಲ್ಪ ನಾಚಿಕೆಯೂ ಆಯಿತು. ಆ ಇಸ್ತ್ರಿ ಅಂಗಿ ಮಾತ್ರ ಒಂದು ಗಳಿಗೆ ಕಣ್ಣ ಮುಂದೆ ಬಂದು ನಿಂತಿತು.

"ಮತ್ತೆ ಬುಕ್ಕು ಯಾಕೆ ಕೇಳಿದ್ದೆ?"

"ಅವ್ಳು ನಿಜ್ವಾಗ್ಲೂ ಏನ್ ಮಾಡುದ್ಲು ಅಂತ ತಿಳ್ಕಬೇಕಿತ್ತು. ಅಷ್ಟೆಯಾ." ಪ್ರಮೀಳಕ್ಕ ಕತ್ತರಿ ಎತ್ತಿ ಬದಿಗಿಟ್ಟಳು, ಪುಸ್ತಕವನ್ನು ಸೆರಗಿನಿಂದ ಒಮ್ಮೆ ಒರೆಸಿ ಮಧುಶ್ರೀಯ ಕೈಗೆ ಕೊಟ್ಟಳು. ಆಮೇಲೆ ಯಂತ್ರದ ಕಡೆ ತಿರುಗಿ, ಕಾಲನ್ನು ತುಳಿಪಟ್ಟಿಯ ಮೇಲಿಟ್ಟಳು.

"ವಾಪಸ್ ಓಗ್ಬುಟ್ಳು, ಪಾಪ," ಎಂದಳು. "ಅವ್ಳಿಗೆ ಓದಿ ಯೋಳೋರು ಯಾರೂ ಇರ್ನಿಲ್ಲ ಅಂತ ಕಾಣ್ತದೆ."